ಹಾಡು ಚೆನ್ನಾಗಿದೆ, ಕೇಳೋಕಾಗಲ್ಲ: 'ಡೆತ್ ಮ್ಯಾಗ್ನೆಟಿಕ್' ಕಥೆ

ಮೆಟಾಲಿಕಾ ಅಭಿಮಾನಿಗಳನ್ನು ಹಿಡಿದು 'ನಿಮಗೆ ಯಾವ ಆಲ್ಬಮ್ ಬಗ್ಗೆ ಬೇಜಾರು?' ಅಂತ ಕೇಳಿ ನೋಡಿ. ತುಂಬಾ ಜನ 2003ರ 'ಸೇಂಟ್ ಆಂಗರ್' ಹೆಸರು ಹೇಳ್ತಾರೆ. ಅದರಲ್ಲಿ ಒಂದೇ ಒಂದು ಗಿಟಾರ್ ಸೋಲೋ ಇಲ್ಲ, ಸ್ನೇರ್ ಡ್ರಮ್ಮಿನ ಕೆಳಗಿನ ತಂತಿ ಸಡಿಲ ಬಿಟ್ಟು ರೆಕಾರ್ಡ್ ಮಾಡಿದ್ದರಿಂದ ಡ್ರಮ್ ಸದ್ದು ಖಾಲಿ ಡಬ್ಬ ಬಡಿದ ಹಾಗಿದೆ. ಬೇಜಾರಾಗೋದು ನ್ಯಾಯವೇ. ಆದರೆ ನನ್ನ ಉತ್ತರ ಬೇರೆ. ಹಾಡೇ ಚೆನ್ನಾಗಿಲ್ಲದ ಆಲ್ಬಮ್ಮನ್ನು ಎರಡು ಸಲ ಕೇಳಿ ಬಿಟ್ಟುಬಿಡಬಹುದು, ಮನಸ್ಸಿಗೆ ಹತ್ತಲ್ಲ. ಹಾಡು ಚೆನ್ನಾಗಿದ್ದು, ನುಡಿಸಿದ್ದೂ ಚೆನ್ನಾಗಿದ್ದು, ಕಡೇ ಹಂತದಲ್ಲಿ ಯಾರೋ ಒಂದು ನಾಬ್ ಜಾಸ್ತಿ ತಿರುಗಿಸಿದ್ದಕ್ಕೆ ಎಲ್ಲಾ ಕೆಟ್ಟರೆ? ಆ ಬೇಜಾರು ಹದಿನೈದು ವರ್ಷವಾದರೂ ಹೋಗಲ್ಲ. 2008ರ 'ಡೆತ್ ಮ್ಯಾಗ್ನೆಟಿಕ್' ನನಗೆ ಅಂಥದ್ದು.

ಮೆಟಲ್ ಕೇಳದವರಿಗೆ ಸ್ವಲ್ಪ ಹಿನ್ನೆಲೆ ಬೇಕು. ಮೆಟಾಲಿಕಾ ಶುರುವಾಗಿದ್ದು 1981ರಲ್ಲಿ, ಅಮೆರಿಕದ ಲಾಸ್ ಏಂಜಲಿಸ್‌ನಲ್ಲಿ. ಜೇಮ್ಸ್ ಹೆಟ್‌ಫೀಲ್ಡ್ ಹಾಡು ಮತ್ತು ಗಿಟಾರ್, ಲಾರ್ಸ್ ಉಲ್ರಿಚ್ ಡ್ರಮ್ಸ್. 1983ರಿಂದ 1988ರೊಳಗೆ ಬಂದ ನಾಲ್ಕು ಆಲ್ಬಮ್‌ಗಳು ಥ್ರ್ಯಾಶ್ ಮೆಟಲ್‌ಗೆ ಹೆಚ್ಚುಕಡಿಮೆ ಪಠ್ಯಪುಸ್ತಕ. 1986ರ 'ಮಾಸ್ಟರ್ ಆಫ್ ಪಪೆಟ್ಸ್' ಬಂದ ಆರೇ ತಿಂಗಳಿಗೆ ಬೇಸಿಸ್ಟ್ ಕ್ಲಿಫ್ ಬರ್ಟನ್ ಸ್ವೀಡನ್‌ನಲ್ಲಿ ಬಸ್ ಅಪಘಾತದಲ್ಲಿ ತೀರಿಕೊಂಡರು. 1991ರಲ್ಲಿ ಬ್ಯಾಂಡಿನ ಹೆಸರನ್ನೇ ಹೊತ್ತು ಬಂದ, ಎಲ್ಲರೂ 'ಬ್ಲ್ಯಾಕ್ ಆಲ್ಬಮ್' ಅನ್ನುವ ಆಲ್ಬಮ್ ಅವರನ್ನು ಮನೆಮನೆಗೆ ತಲುಪಿಸಿತು. ಆಮೇಲೆ 'ಲೋಡ್', 'ರೀಲೋಡ್' ಬಂದವು, ಕೂದಲು ಕಟ್ ಆಯಿತು, ವೇಗ ಇಳಿಯಿತು. ಹಳೇ ಅಭಿಮಾನಿಗಳ ಗೊಣಗಾಟ ಶುರುವಾಗಿದ್ದೇ ಅಲ್ಲಿ. ಅದರ ಮೇಲೆ 'ಸೇಂಟ್ ಆಂಗರ್'.

ಹಾಗಾಗಿ 2008ರ ಹೊತ್ತಿಗೆ ನಿರೀಕ್ಷೆ ಎಷ್ಟಿತ್ತು ಅಂತ ಊಹಿಸಿ. ನಿರ್ಮಾಪಕ ಬದಲಾಗಿದ್ದರು. ಬಾಬ್ ರಾಕ್ ಜಾಗಕ್ಕೆ ರಿಕ್ ರೂಬಿನ್ ಬಂದಿದ್ದರು. ಎಂಬತ್ತರ ದಶಕದಲ್ಲಿ ನೀವು ಹೇಗೆ ಯೋಚನೆ ಮಾಡ್ತಿದ್ರಿ, ಹಾಗೇ ಯೋಚಿಸಿ ಅಂತ ಅವರು ಬ್ಯಾಂಡಿಗೆ ಹೇಳಿದ್ದು ಸುದ್ದಿಯಾಗಿತ್ತು. ಸೆಪ್ಟೆಂಬರ್ 12ಕ್ಕೆ ಆಲ್ಬಮ್ ಬಂತು. ಹತ್ತು ಹಾಡು, ಸುಮಾರು 75 ನಿಮಿಷ. ಸೋಲೋಗಳು ವಾಪಸ್, ಏಳೆಂಟು ನಿಮಿಷದ ಉದ್ದುದ್ದ ಹಾಡುಗಳು, ಹಾಡಿಲ್ಲದ ವಾದ್ಯಸಂಗೀತದ ಟ್ರ್ಯಾಕ್ ಕೂಡ ವಾಪಸ್. 'ಆಲ್ ನೈಟ್‌ಮೇರ್ ಲಾಂಗ್' ರಿಫ್ ಕೇಳಿದವರು ಯಾರೂ 'ಇವರು ಮುದುಕರಾದರು' ಅನ್ನಲಾರರು.

ಕೇಳೋಕೆ ಶುರು ಮಾಡಿದೆ. ಮೂರನೇ ಹಾಡಿಗೆ ತಲೆ ಭಾರ. ಐದನೇ ಹಾಡಿಗೆ ವಾಲ್ಯೂಮ್ ಕಡಿಮೆ ಮಾಡಿದೆ. ಕಡಿಮೆ ಮಾಡಿದರೂ ಕರಕರ ಹೋಗಲಿಲ್ಲ. ಇಯರ್‌ಫೋನ್ ಬದಲಿಸಿದೆ, ಅದೇ ಕಥೆ.

ಹಾಸ್ಟೆಲ್ಲಿನಲ್ಲಿ ರೂಮ್‌ಮೇಟ್ ನಕ್ಕ. "ಲೋ, ಮೆಟಲ್ ಅಂದ್ರೇನೇ ಡಿಸ್ಟಾರ್ಷನ್. ಡಿಸ್ಟಾರ್ಷನ್ ಕೇಳೋಕೆ ದುಡ್ಡು ಕೊಟ್ಟು, ಆಮೇಲೆ ಡಿಸ್ಟಾರ್ಷನ್ ಇದೆ ಅಂತ ಅಳ್ತೀಯಲ್ಲೋ ಮಗಾ!" ಅಂದ.

ಪ್ರಶ್ನೆ ನಿಜಕ್ಕೂ ಒಳ್ಳೇದೇ. ಆಗ ನನ್ನ ಹತ್ತಿರ ಉತ್ತರ ಇರಲಿಲ್ಲ. ಅನಲಾಗ್ ಸರ್ಕ್ಯೂಟ್ಸ್ ಲ್ಯಾಬಿನಲ್ಲಿ ಎರಡು ಡಯೋಡ್ ಇಟ್ಟು ಕ್ಲಿಪ್ಪರ್ ಸರ್ಕ್ಯೂಟ್ ಮಾಡಿ, ಸಿಆರ್‌ಒ ಪರದೆಯ ಮೇಲೆ ಸೈನ್ ತರಂಗದ ತಲೆ ಚಪ್ಪಟೆಯಾಗಿದ್ದು ನೋಡಿದ ದಿನ ಅರ್ಧ ಉತ್ತರ ಸಿಕ್ಕಿತು.

ಸಿಡಿಯಲ್ಲಿ ಧ್ವನಿ ಅಂದರೆ ಬರೀ ಸಂಖ್ಯೆಗಳ ಸಾಲು. ಸೆಕೆಂಡಿಗೆ 44,100 ಸ್ಯಾಂಪಲ್, ಪ್ರತಿಯೊಂದೂ 16 ಬಿಟ್. ಅಂದರೆ ಒಂದು ಸ್ಯಾಂಪಲ್ಲಿನ ಬೆಲೆ −32,768ರಿಂದ +32,767ರ ಒಳಗೇ ಇರಬೇಕು. ಅದಕ್ಕಿಂತ ಮೇಲೆ ಬರೆಯೋಕೆ ಅಂಕಿಯೇ ಇಲ್ಲ. ಇದು ಛಾವಣಿ. ಕ್ಯಾಸೆಟ್ಟಿನಲ್ಲಿ ಮಟ್ಟ ಮೀರಿದರೆ ಸದ್ದು ಮೆಲ್ಲಗೆ ಹಿಂಡಿಕೊಂಡು ಬಾಗುತ್ತಿತ್ತು. ಇಲ್ಲಿ ಹಾಗಲ್ಲ, ತಲೆ ಸೀದಾ ಛಾವಣಿಗೆ ಬಡಿಯುತ್ತೆ.

ಈಗ ಒಂದು ಡ್ರಮ್ ಏಟನ್ನು ಯೋಚಿಸಿ. ಸ್ನೇರಿಗೆ ಕೋಲು ಬಿದ್ದ ಮೊದಲ ಕೆಲವು ಮಿಲಿಸೆಕೆಂಡ್ ತರಂಗ ಸೂಜಿಯ ಹಾಗೆ ಎದ್ದು ಬೀಳುತ್ತೆ. ಉಳಿದ ಸದ್ದು ಅದಕ್ಕಿಂತ ಎಷ್ಟೋ ಕೆಳಗೆ. ಆದರೆ ನಮ್ಮ ಕಿವಿ ಒಟ್ಟು ಜೋರನ್ನು ಅಳೆಯೋದು ಸೂಜಿಯ ತುದಿಯಿಂದಲ್ಲ, ಹೆಚ್ಚುಕಡಿಮೆ ಸರಾಸರಿಯಿಂದ, ನಮ್ಮ ಭಾಷೆಯಲ್ಲಿ ಆರ್‌ಎಂಎಸ್‌ನಿಂದ. ಸೂಜಿ ಛಾವಣಿ ಮುಟ್ಟಿದ ಮೇಲೂ 'ಇನ್ನೂ ಜೋರಾಗಬೇಕು' ಅಂದರೆ ಏನು ಮಾಡೋದು? ಸೂಜಿಯ ತಲೆ ಕತ್ತರಿಸಿ, ಮಿಕ್ಕಿದ್ದನ್ನೆಲ್ಲ ಮೇಲಕ್ಕೆ ಎತ್ತೋದು. ಸೂಕ್ಷ್ಮವಾಗಿ, ಗೇನ್ ತಗ್ಗಿಸಿ ಮಾಡಿದರೆ ಅದು ಲಿಮಿಟರ್. ಒರಟಾಗಿ ಮಾಡಿದರೆ ನಮ್ಮ ಲ್ಯಾಬಿನ ಕ್ಲಿಪ್ಪರ್. ಕಾಲೇಜಿನ ಮುಂದಿನ ಬೇಲಿಗಿಡವನ್ನು ಮಾಲಿ ಕತ್ತರಿ ಹಿಡಿದು ಮಟ್ಟ ಮಾಡ್ತಾರಲ್ಲ, ಅದೇ ಕೆಲಸ. ಹೊರಗೆ ಚಾಚಿದ ಎರಡು ಕಡ್ಡಿ ಕತ್ತರಿಸಿದರೆ ಅಂದ. ಬುಡದವರೆಗೂ ಕತ್ತರಿಸಿದರೆ ಅದು ಗಿಡವಲ್ಲ, ಗೋಡೆ.

'ಡೆತ್ ಮ್ಯಾಗ್ನೆಟಿಕ್' ಸಿಡಿಯ ಹಾಡೊಂದನ್ನು ಆಡಾಸಿಟಿಯಲ್ಲಿ ತೆರೆದು ನೋಡಿ. ಕ್ಲಿಪ್ ಆದ ಜಾಗವನ್ನು ಕೆಂಪಾಗಿ ತೋರಿಸುವ ಆಯ್ಕೆ ಅದರಲ್ಲಿದೆ. ಪರದೆ ಕೆಂಪಾಗುತ್ತೆ. 'ದ ಡೇ ದಟ್ ನೆವರ್ ಕಮ್ಸ್' ಶುರುವಿನ ಮೆಲು ಗಿಟಾರ್ ಮುಗಿದ ಮೇಲೆ ತರಂಗಕ್ಕೆ ಏರಿಳಿತವೇ ಇಲ್ಲ, ಒಂದೇ ಎತ್ತರದ ಇಟ್ಟಿಗೆ ಗೋಡೆ. ಪೀಕ್ ಮಟ್ಟಕ್ಕೂ ಜೋರಾದ ಭಾಗಗಳ ಸರಾಸರಿಗೂ ಇರುವ ಅಂತರವನ್ನು ಡೆಸಿಬೆಲ್‌ನಲ್ಲಿ ಹೇಳುವ 'ಡಿಆರ್' ಅನ್ನೋ ಅಳತೆಯೊಂದಿದೆ. ಈ ಸಿಡಿಗೆ ಬರೋದು ಸುಮಾರು 3. ಹತ್ತು ದಾಟಿದರೆ ಆರಾಮವಾಗಿ ಉಸಿರಾಡುವ ರೆಕಾರ್ಡಿಂಗ್ ಅಂತ ಲೆಕ್ಕ.

ಸರಿ, ರೂಮ್‌ಮೇಟ್ ಪ್ರಶ್ನೆಗೆ ಬರೋಣ. ಗಿಟಾರ್ ಡಿಸ್ಟಾರ್ಷನ್ ಕೂಡ ಕ್ಲಿಪ್ಪಿಂಗೇ. ಆಂಪ್ಲಿಫೈಯರಿಗೆ ಅದರ ತಾಕತ್ತಿಗಿಂತ ಜಾಸ್ತಿ ಸಿಗ್ನಲ್ ಕೊಟ್ಟರೆ ತರಂಗದ ತಲೆ ಚಪ್ಪಟೆಯಾಗುತ್ತೆ, ಹೊಸ ಹಾರ್ಮೋನಿಕ್‌ಗಳು ಹುಟ್ಟುತ್ತವೆ, ಆ ಗುರುಗುಟ್ಟುವ ಸದ್ದು ಬರುತ್ತೆ. ಹಾಗಾದರೆ ಅದು ಇಷ್ಟ, ಇದು ಕಷ್ಟ ಯಾಕೆ?

ಒಂದು ಕಾರಣ, ಆ ಕ್ಲಿಪ್ಪಿಂಗ್ ನಡೆಯೋದು ಗಿಟಾರಿನ ಮೇಲೆ ಮಾತ್ರ, ಮತ್ತು ಆಮೇಲೆ ಅದು ಹನ್ನೆರಡು ಇಂಚಿನ ಸ್ಪೀಕರ್ ಹಾಯ್ದು ಬರಬೇಕು. ಗಿಟಾರ್ ಸ್ಪೀಕರ್ ಸುಮಾರು 5 ಕಿಲೋಹರ್ಟ್ಜ್ ಮೇಲಿನದ್ದನ್ನು ಹೆಚ್ಚಾಗಿ ಬಿಡಲ್ಲ. ಅಂದರೆ ಅದೇ ಒಂದು ಲೋ ಪಾಸ್ ಫಿಲ್ಟರ್, ಕಿವಿಗೆ ಚುಚ್ಚುವ ಭಾಗ ಅಲ್ಲೇ ನಿಂತುಹೋಗುತ್ತೆ. ಸಿಡಿಯ ಮಟ್ಟದಲ್ಲಿ ಕ್ಲಿಪ್ ಆದರೆ ಮುಂದೆ ಫಿಲ್ಟರ್ ಇಲ್ಲ, ಚೂಪು ಅಂಚಿನ ಹಾರ್ಮೋನಿಕ್‌ಗಳೆಲ್ಲ ಸೀದಾ ಕಿವಿಗೆ.

ಇನ್ನೊಂದು ಕಾರಣ ನನಗೆ ಹೆಚ್ಚು ಇಷ್ಟ, ಯಾಕಂದ್ರೆ ಇದು ಗೊತ್ತಾದ ಮೇಲೆ ಮೆಟಲ್ ಕೇಳೋ ಕಿವಿಯೇ ಬದಲಾಯಿತು. ಲೀನಿಯರ್ ಅಲ್ಲದ ವ್ಯವಸ್ಥೆಗೆ ಎರಡು ಆವರ್ತನ ಒಟ್ಟಿಗೆ ಕೊಟ್ಟರೆ ಅವುಗಳ ಕೂಡು, ಕಳೆಗಳ ಹೊಸ ಆವರ್ತನಗಳು ಹುಟ್ಟುತ್ತವೆ ಅಂತ ಕಮ್ಯುನಿಕೇಷನ್ ಪೇಪರಿನಲ್ಲಿ ಓದಿರ್ತೀರಿ, ಇಂಟರ್‌ಮಾಡ್ಯುಲೇಷನ್. ಮೆಟಲ್ ಗಿಟಾರಿಸ್ಟ್ ಹೆಚ್ಚಾಗಿ ನುಡಿಸೋದು ಪವರ್ ಕಾರ್ಡ್: ಮೂಲ ಸ್ವರ ಮತ್ತು ಅದರ ಪಂಚಮ, ನಮ್ಮ ಸ ಮತ್ತು ಪ. ಇವೆರಡರ ಆವರ್ತನ 2:3 ಅನುಪಾತದಲ್ಲಿರುತ್ತೆ. 2 ಮತ್ತು 3ನ್ನು ಹೇಗೆ ಕೂಡಿ ಕಳೆದರೂ ಬರೋದು 1, 4, 5, 7 ಇಂಥವೇ. ಎಲ್ಲಾ 1ರ ಗುಣಕಗಳು. ಆ 1 ಅಂದರೆ ಮೂಲ ಸ್ವರಕ್ಕಿಂತ ಒಂದು ಸ್ಥಾಯಿ ಕೆಳಗಿನ ಸ. ಹಾಗಾಗಿ ಡಿಸ್ಟಾರ್ಷನ್ ಹಾಕಿದಾಗ ಪವರ್ ಕಾರ್ಡ್ ಗಲೀಜಾಗಲ್ಲ, ಉಲ್ಟಾ ನುಡಿಸದೇ ಇದ್ದ ಕೆಳಗಿನ ಸ್ವರವೊಂದು ತಾನೇ ಸೇರಿಕೊಂಡು ಇನ್ನೂ ಭಾರಿಯಾಗುತ್ತೆ. ಹೆಟ್‌ಫೀಲ್ಡ್ ಬಲಗೈಯ ಅರ್ಧ ಗುಟ್ಟು ಇದೇ ಅಂತ ನನ್ನ ನಂಬಿಕೆ.

ಆದರೆ ಡ್ರಮ್, ಬೇಸ್, ಗಿಟಾರ್, ದನಿ ಎಲ್ಲಾ ಸೇರಿಸಿದ ಮೇಲೆ ಒಟ್ಟಿಗೆ ಕ್ಲಿಪ್ ಮಾಡಿದರೆ ಯಾವುದು ಯಾವುದರ ಜೊತೆ ಗುಣಾಕಾರ ಆಗುತ್ತೆ ಅನ್ನೋದಕ್ಕೆ ಲಂಗುಲಗಾಮಿಲ್ಲ. ಕಿಕ್ ಡ್ರಮ್ 60 ಹರ್ಟ್ಜ್, ಅದೇ ಗಳಿಗೆಗೆ ದನಿಯಲ್ಲೋ ಗಿಟಾರಿನಲ್ಲೋ 800 ಹರ್ಟ್ಜ್ ಅಂದುಕೊಳ್ಳಿ. ಕ್ಲಿಪ್ ಆದಾಗ 680, 920 ಹರ್ಟ್ಜ್ ಹುಟ್ಟುತ್ತವೆ. ಯಾವ ಸ್ವರಕ್ಕೂ ಸೇರದ ಆವರ್ತನಗಳು. ಕಿಕ್ ಬಿದ್ದಾಗಲೆಲ್ಲ ಈ ಕಸ ಎದ್ದು ಬೀಳುತ್ತೆ. ನಾನು ಕೇಳಿದ ಕರಕರ ಅದು. ಯಾರೂ ನುಡಿಸದೇ ಇದ್ದದ್ದು.

ಅದಕ್ಕಿಂತ ದೊಡ್ಡ ನಷ್ಟ ಏಟಿನದ್ದು. ಯಕ್ಷಗಾನ ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಭಾಗವತರ ಪದ, ಮದ್ದಳೆ ನಡೆಯುತ್ತಿದ್ದಾಗ ಚೆಂಡೆ ಸುಮ್ಮನಿರುತ್ತೆ. ರಾಕ್ಷಸ ವೇಷ ರಂಗಕ್ಕೆ ಬರುವಾಗ ಚೆಂಡೆಗೆ ಬಿದ್ದ ಮೊದಲ ಪೆಟ್ಟಿಗೆ ನಿದ್ದೆಗೆ ಜಾರಿದವರೂ ಎದ್ದು ಕೂರ್ತಾರೆ. ಇಡೀ ರಾತ್ರಿ ಚೆಂಡೆ ಅದೇ ಜೋರಿನಲ್ಲಿ ಬಡೀತಾ ಇದ್ದಿದ್ರೆ? ರಾಕ್ಷಸ ಬಂದಿದ್ದೇ ಗೊತ್ತಾಗ್ತಿರಲಿಲ್ಲ. ಮೆಟಾಲಿಕಾಗೆ ಇದು ಚೆನ್ನಾಗಿ ಗೊತ್ತಿತ್ತು. 1988ರ 'ಒನ್' ಹಾಡು ಮೆಲ್ಲಗೆ ಶುರುವಾಗಿ ಕೊನೆಗೆ ಮೆಷಿನ್ ಗನ್ ಥರದ ಡಬಲ್ ಬೇಸ್ ಡ್ರಮ್ಮಿಗೆ ಏರುವುದು ಹಾಗೇ. 'ದ ಡೇ ದಟ್ ನೆವರ್ ಕಮ್ಸ್' ಕೂಡ ಅದೇ ಅಚ್ಚಿನಲ್ಲಿ ಹೊಯ್ದ ಹಾಡು. ಆದರೆ ಗಿಟಾರ್ ಜೋರಾದ ಕೂಡಲೇ ಛಾವಣಿ ತಲುಪಿಯಾಗಿದೆ, ಕೊನೆಯ ಓಟಕ್ಕೆ ಏರೋಕೆ ಜಾಗವೇ ಉಳಿದಿಲ್ಲ. ಉಲ್ರಿಚ್ ಜೀವ ಬಿಟ್ಟು ಬಡೀತಿದ್ದಾರೆ, ಕೇಳಿಸೋದು ರಟ್ಟಿನ ಡಬ್ಬದೊಳಗೆ ಬಡಿದ ಹಾಗೆ.

ಹಾಗಾದರೆ ಇಷ್ಟೆಲ್ಲ ಅನುಭವ ಇರೋರು ಹೀಗೆ ಯಾಕೆ ಮಾಡಿದ್ರು? ಇದು ಒಬ್ಬರ ತಪ್ಪಲ್ಲ, ಒಂದು ಜಿದ್ದಿನ ಕಥೆ. 1933ರಲ್ಲೇ ಬೆಲ್ ಲ್ಯಾಬ್ಸ್‌ನ ಫ್ಲೆಚರ್ ಮತ್ತು ಮನ್ಸನ್ ತೋರಿಸಿದ್ದರು: ಸದ್ದು ಮೆಲ್ಲಗಿದ್ದಾಗ ನಮ್ಮ ಕಿವಿಗೆ ಕೆಳಗಿನ ಆವರ್ತನಗಳು ಸರಿಯಾಗಿ ಕೇಳಿಸಲ್ಲ, ಜೋರಾದ ಹಾಗೆ ತುಂಬಿಕೊಳ್ಳುತ್ತವೆ. ಅದಕ್ಕೇ ಒಂದೇ ಹಾಡನ್ನು ಎರಡು ಸಲ ಹಾಕಿ, ಎರಡನೇ ಸಲ ಸ್ವಲ್ಪವೇ ಸ್ವಲ್ಪ ಜೋರು ಮಾಡಿದರೆ ಜನ 'ಎರಡನೇದು ಚೆನ್ನಾಗಿದೆ' ಅಂತಾರೆ. ಜೋರಾಗಿದೆ ಅನ್ನಲ್ಲ. ರೇಡಿಯೋದಲ್ಲಿ, ಪಾರ್ಟಿಯಲ್ಲಿ, ಸಿಡಿ ಚೇಂಜರ್‌ನಲ್ಲಿ ಪಕ್ಕದ ಹಾಡಿಗಿಂತ ನಮ್ಮದು ಮೆತ್ತಗೆ ಕೇಳಿಸಬಾರದು ಅನ್ನೋ ಭಯ ಎಲ್ಲರಿಗೂ. ತೊಂಬತ್ತರ ದಶಕದಲ್ಲಿ ಡಿಜಿಟಲ್ ಲಿಮಿಟರ್‌ಗಳು ಕೈಗೆ ಸಿಕ್ಕಮೇಲೆ ಪ್ರತಿ ವರ್ಷ ಸ್ವಲ್ಪ ಸ್ವಲ್ಪ ಮೇಲೆ. ಗಣೇಶನ ಹಬ್ಬದಲ್ಲಿ ಎರಡು ಬೀದಿಯ ಪೆಂಡಾಲ್‌ಗಳು ಸ್ಪೀಕರ್ ಪೈಪೋಟಿಗೆ ಬಿದ್ದ ಹಾಗೆ. ಇದಕ್ಕೆ 'ಲೌಡ್‌ನೆಸ್ ವಾರ್' ಅಂತಲೇ ಹೆಸರು ಬಿತ್ತು. ರೂಬಿನ್ ನಿರ್ಮಾಣದ್ದೇ ಆದ ರೆಡ್ ಹಾಟ್ ಚಿಲಿ ಪೆಪ್ಪರ್ಸ್‌ನ 1999ರ 'ಕ್ಯಾಲಿಫೋರ್ನಿಕೇಷನ್' ಮೇಲೂ ಇದೇ ದೂರಿತ್ತು.

ಈ ಆಲ್ಬಮ್ಮಿಗೆ ಬೈಗುಳ ಮೊದಲು ಬಿದ್ದಿದ್ದು ಮಾಸ್ಟರಿಂಗ್ ಮಾಡಿದ ಟೆಡ್ ಜೆನ್ಸನ್ ಮೇಲೆ. ಸಿಡಿಗೆ ಹೋಗೋ ಮುಂಚಿನ ಕೊನೆಯ ಕೈ ಅವರದ್ದೇ, ಹಾಗಾಗಿ ಅನುಮಾನ ಸಹಜ. ಆದರೆ ಅಭಿಮಾನಿಯೊಬ್ಬರಿಗೆ ಅವರು ಕೊಟ್ಟ ಉತ್ತರ ಹೊರಗೆ ಬಂತು. ಮಿಕ್ಸ್‌ಗಳು ತಮ್ಮ ಕೈ ಸೇರುವ ಮೊದಲೇ ಗೋಡೆಯಾಗಿದ್ದವು ಅನ್ನೋದು ಅದರ ಸಾರ. ಅಂದರೆ ಕೆಲಸ ಕೆಟ್ಟಿದ್ದು ಅದಕ್ಕೂ ಹಿಂದೆ, ಮಿಕ್ಸಿಂಗ್ ಹಂತದಲ್ಲಿ. ಹೊಸದಾಗಿ ಮಿಕ್ಸ್ ಮಾಡಿ ಬಿಡುಗಡೆ ಮಾಡಿ ಅಂತ ಹತ್ತು ಸಾವಿರಕ್ಕೂ ಹೆಚ್ಚು ಅಭಿಮಾನಿಗಳು ಆನ್‌ಲೈನ್ ಅರ್ಜಿಗೆ ಸಹಿ ಹಾಕಿದರು. ಉಲ್ರಿಚ್ ಮಾತ್ರ ತಮ್ಮ ಕಾರಿನಲ್ಲಿ ಕೇಳಿದೆ, ಸೂಪರಾಗಿದೆ ಅನ್ನೋ ಧಾಟಿಯಲ್ಲಿ ತಳ್ಳಿಹಾಕಿದರು. ಅವರಿಗೆ ಚಿಂತೆ ಮಾಡೋ ಕಾರಣವೂ ಇರಲಿಲ್ಲ ಬಿಡಿ. ಅಮೆರಿಕದಲ್ಲಿ ಮೊದಲ ಮೂರೇ ದಿನಕ್ಕೆ ಸುಮಾರು 4,90,000 ಪ್ರತಿ ಖರ್ಚಾಗಿ ಬಿಲ್‌ಬೋರ್ಡ್ ಪಟ್ಟಿಯಲ್ಲಿ ಒಂದನೇ ಸ್ಥಾನ. ಮುಂದಿನ ವರ್ಷ ಈ ಆಲ್ಬಮ್ಮಿನ 'ಮೈ ಅಪೋಕಲಿಪ್ಸ್' ಹಾಡಿಗೆ ಗ್ರ್ಯಾಮಿ.

ಇಲ್ಲಿಗೇ ಮುಗಿದಿದ್ದರೆ ನಾವೂ 'ಅವರ ರುಚಿಯೇ ಹಾಗೆ' ಅಂತ ಸುಮ್ಮನಾಗ್ತಿದ್ವಿ. ಹೊಟ್ಟೆ ಉರಿಸಿದ್ದು ಒಂದು ವೀಡಿಯೋ ಗೇಮ್.

ಆಗ 'ಗಿಟಾರ್ ಹೀರೋ' ಅನ್ನೋ ಆಟ ಜೋರಾಗಿತ್ತು. ಪ್ಲಾಸ್ಟಿಕ್ ಗಿಟಾರಿನ ಬಟನ್ ಒತ್ತಿ ಹಾಡಿನ ಜೊತೆ ನುಡಿಸೋದು. ಆಟಗಾರ ಬಟನ್ ತಪ್ಪಿಸಿದರೆ ಗಿಟಾರ್ ಸದ್ದು ಮಾತ್ರ ನಿಲ್ಲಬೇಕು, ಮಿಕ್ಕಿದ್ದು ನಡೀತಾ ಇರಬೇಕು. ಹಾಗಾಗಬೇಕಾದರೆ ಆಟದ ಕಂಪನಿಗೆ ಗಿಟಾರ್, ಬೇಸ್, ಡ್ರಮ್ಸ್ ಎಲ್ಲಾ ಬೇರೆ ಬೇರೆ ಟ್ರ್ಯಾಕ್ ಆಗಿ ಬೇಕು. 'ಡೆತ್ ಮ್ಯಾಗ್ನೆಟಿಕ್' ಇಡೀ ಆಲ್ಬಮ್ ಬಿಡುಗಡೆಯ ದಿನವೇ ಆ ಆಟಕ್ಕೂ ಬಂತು. ಹಾಗೆ ಬಂದ ಟ್ರ್ಯಾಕ್‌ಗಳು ಕೊನೆಯ ಹಿಂಡುವಿಕೆ ಆಗೋಕೆ ಮುಂಚಿನವು! ಯಾರೋ ಆಟದಿಂದ ಧ್ವನಿ ಎತ್ತಿ ಸಿಡಿಯ ತರಂಗದ ಪಕ್ಕ ಇಟ್ಟು ತೋರಿಸಿದರು. ಒಂದು ಕಡೆ ಗೋಡೆ, ಇನ್ನೊಂದು ಕಡೆ ಡ್ರಮ್ಮಿನ ಪ್ರತಿ ಏಟೂ ಎಣಿಸಬಹುದಾದ ಸೂಜಿಗಳು. ಆಟದ ಆವೃತ್ತಿಗೆ ಡಿಆರ್ ಸುಮಾರು 12. ಸಿಡಿಗಿಂತ 9 ಡೆಸಿಬೆಲ್ ಹೆಚ್ಚು, ಅಂದರೆ ಸರಾಸರಿಗಿಂತ ಪೀಕ್ ಏರೋಕೆ ಸುಮಾರು 2.8 ಪಟ್ಟು ಜಾಗ. ಶಕ್ತಿಯ ಲೆಕ್ಕದಲ್ಲಿ ಎಂಟು ಪಟ್ಟು.

ಅಂದರೆ ಒಳ್ಳೆ ರೆಕಾರ್ಡಿಂಗ್ ಇತ್ತು. ಅದು ಮಕ್ಕಳಾಟಕ್ಕೆ ಹೋಯಿತು, ಸಂಗೀತ ಕೇಳೋಕೆ ಅಂತಲೇ ದುಡ್ಡು ಕೊಟ್ಟವನಿಗೆ ಗೋಡೆ ಸಿಕ್ಕಿತು.

'ಸರಿ, ಸಿಡಿಯನ್ನೇ ಸಾಫ್ಟ್‌ವೇರಿನಲ್ಲಿ ರಿಪೇರಿ ಮಾಡಿದರಾಯ್ತಲ್ಲ' ಅಂತ ಯಾರಾದರೂ ಕೇಳಬಹುದು. ಆಗಲ್ಲ. 40,000 ಆಗಬೇಕಿದ್ದದ್ದೂ 32,767, 90,000 ಆಗಬೇಕಿದ್ದದ್ದೂ 32,767 ಅಂತ ಬರೆದಾದ ಮೇಲೆ ಯಾವುದು ಯಾವುದಾಗಿತ್ತು ಅಂತ ಹೇಳೋಕೆ ದಾರಿಯಿಲ್ಲ. ಇನ್ವರ್ಸ್ ಇಲ್ಲದ ಫಂಕ್ಷನ್. ಡಿಕ್ಲಿಪ್ಪಿಂಗ್ ಸಾಫ್ಟ್‌ವೇರ್‌ಗಳು ಅಕ್ಕಪಕ್ಕದ ಸ್ಯಾಂಪಲ್ ನೋಡಿ ಊಹಿಸಿ ತುಂಬುತ್ತವೆ. ಅಲ್ಲೊಂದು ಇಲ್ಲೊಂದು ಕಡೆಯಾದರೆ ಊಹೆ ನಡೆಯುತ್ತೆ. ಹಾಡಿಡೀ ಹೀಗಿದ್ದರೆ ಊಹಿಸೋಕೆ ಆಧಾರವೇ ಇರಲ್ಲ.

ಯೂಟ್ಯೂಬಿನಲ್ಲಿ ಎರಡನ್ನೂ ಹೋಲಿಸಿದ ವೀಡಿಯೋ ಇತ್ತು. ಹಾಸ್ಟೆಲ್ ಇಂಟರ್‌ನೆಟ್ಟಿನಲ್ಲಿ ಅದು ಪೂರ್ತಿ ಲೋಡ್ ಆಗೋಕೆ ಒಂದು ಊಟ ಮುಗಿಯಿತು. ರೂಮ್‌ಮೇಟನ್ನು ಕೂರಿಸಿ, ಯಾವುದು ಯಾವುದು ಅಂತ ಹೇಳದೆ, ಎರಡರ ಜೋರೂ ಕಿವಿಗೆ ಒಂದೇ ಅನ್ನಿಸುವ ಹಾಗೆ ಮಾಡಿ ಕೇಳಿಸಿದೆ. ಈ ಹೊಂದಾಣಿಕೆ ಮುಖ್ಯ. ಇಲ್ಲದಿದ್ದರೆ ಫ್ಲೆಚರ್, ಮನ್ಸನ್ ಹೇಳಿದ ಮೋಸಕ್ಕೆ ನಾವೇ ಬೀಳ್ತೀವಿ. ಎರಡನೇದು ಕೇಳಿ ಅವನು ಒಂದು ನಿಮಿಷ ಮಾತಾಡಲಿಲ್ಲ. ಆಮೇಲೆ, "ಇದ್ರಲ್ಲಿ ಡ್ರಮ್ಸ್ ಬೇರೆಯವರು ಬಾರ್ಸಿದ್ದಾ?" ಅಂದ.

ಬ್ಯಾಂಡ್ ಆಮೇಲೆ ಬೆಂಗಳೂರಿಗೂ ಬಂತು, 2011ರ ಅಕ್ಟೋಬರ್ 30, ಅರಮನೆ ಮೈದಾನ. ನಾವಿಬ್ಬರೂ ಹೋಗಿದ್ವಿ. ಮೈದಾನದಲ್ಲಿ ಕಿಕ್ ಡ್ರಮ್ ಎದೆಗೆ ತಾಗ್ತಿತ್ತು. ಈ ಏಟು ಆ ಸಿಡಿಯಲ್ಲಿ ಎಲ್ಲಿ ಹೋಯ್ತು ಅಂತ ಅಲ್ಲೂ ನನಗೆ ಅದೇ ಯೋಚನೆ, ಏನು ಮಾಡೋದು.

ಈ ಜಿದ್ದಿನಲ್ಲಿ ಕೊನೆಗೆ ಯಾರು ಗೆದ್ದರು ಅಂದರೆ, ಸ್ಟ್ರೀಮಿಂಗ್ ಆಪ್‌ಗಳು ಆಟದ ನಿಯಮವನ್ನೇ ಬದಲಿಸಿಬಿಟ್ಟವು. ಹಾಡು ಕಿವಿಗೆ ಎಷ್ಟು ಜೋರು ಅನ್ನಿಸುತ್ತೆ ಅಂತ ಲೆಕ್ಕ ಹಾಕುವ ಅಂತರರಾಷ್ಟ್ರೀಯ ಅಳತೆಯೊಂದು 2006ರಲ್ಲಿ ಬಂದಿತ್ತು. ಈಗ ಸ್ಪಾಟಿಫೈ, ಯೂಟ್ಯೂಬ್ ಎಲ್ಲಾ ಅಂಥ ಲೆಕ್ಕ ಹಾಕಿ ಅತಿ ಜೋರಾದ ಹಾಡನ್ನು ತಾವೇ ತಗ್ಗಿಸುತ್ತವೆ. ಅಂದರೆ ತಲೆ ಕತ್ತರಿಸಿ ಗಳಿಸಿದ ಜೋರು ಆಪ್‌ನಲ್ಲಿ ವಾಪಸ್ ಹೋಗುತ್ತೆ. ಕತ್ತರಿಸಿದ ತಲೆ ಮಾತ್ರ ವಾಪಸ್ ಬರಲ್ಲ. ಬ್ಲ್ಯಾಕ್ ಆಲ್ಬಮ್ಮಿನ 'ಎಂಟರ್ ಸ್ಯಾಂಡ್‌ಮ್ಯಾನ್' ಹಾಕಿ, ಅದರ ಹಿಂದೆಯೇ 'ಆಲ್ ನೈಟ್‌ಮೇರ್ ಲಾಂಗ್' ಹಾಕಿ ಕೇಳಿ. ಜೋರಾಗಿ ಕೇಳಿಸಲಿ ಅಂತ ಎಲ್ಲವನ್ನೂ ಕೊಟ್ಟ ಆಲ್ಬಮ್ಮೇ ಈಗ ಚಿಕ್ಕದಾಗಿ, ಚಪ್ಪಟೆಯಾಗಿ ಕೇಳಿಸುತ್ತೆ.

ಮೊನ್ನೆ ರೂಮ್‌ಮೇಟ್ ಫೋನ್ ಮಾಡಿದ್ದ. ಈಗ ಅವನೂ ಮೆಟಲ್ ಕೇಳ್ತಾನೆ, ಹೊಸ ಕಾರ್ ಬೇರೆ ತಗೊಂಡಿದ್ದಾನೆ. ತುಮಕೂರು ರೋಡಲ್ಲಿ ಬರ್ತಾ ಬ್ಲ್ಯಾಕ್ ಆಲ್ಬಮ್ ಮುಗಿದು ಆಪ್ ತಾನೇ 'ಡೆತ್ ಮ್ಯಾಗ್ನೆಟಿಕ್' ಹಾಕಿತಂತೆ. "ಮಗಾ, ಗಾಡಿ ಸೈಡಿಗೆ ಹಾಕ್ಬಿಟ್ಟೆ. ಒಂದು ವಾರ ಆಗಿಲ್ಲ, ಆಗಲೇ ಸ್ಪೀಕರ್ ಹರಿದೋಯ್ತು ಅನ್ಕೊಂಡೆ" ಅಂದ.